ವಿರಾಟನಗರದಿಂದ ಬೆಂಗಳೂರಿಗೆ

ನಗರವೊಂದರ ನಿತ್ಯವ್ಯವಹಾರದ ನಡುವೆ ಅಮಾನುಷ ಶಕ್ತಿಗಳನ್ನು ನೆಲೆಗೊಳಿಸಿ, ಸ್ವಲಿಂಗಪ್ರೇಮಿಗಳನ್ನೋ ಹೆಣ್ಣುಗಂಡೆಂಬ ಎಲ್ಲೆಯನ್ನು ದಾಟಿದವರನ್ನೋ ಕಥಾನಾಯಕರನ್ನಾಗಿ ಮಾಡಿ, ಒಂದೇ ಕಥೆಯನ್ನು ಸಂಪುಟ ಸಂಪುಟವಾಗಿ ಬೆಳೆಸುವ ಕಾದಂಬರಿಗಳು ಈಗ ಪಾಶ್ಚಾತ್ಯ ದೇಶಗಳಲ್ಲಿ ಹೇರಳವಾಗಿ ಪ್ರಕಟವಾಗುತ್ತಿವೆ. ಅಂಥ ಮಾಲೆಯ ಮೊದಲನೆಯ ಸಂಪುಟವನ್ನು ಮಕ್ಕಳ ಕೈಯಲ್ಲಿ ಕಂಡ ಹಿರಿಯರು, ಇದು ನಮ್ಮದಲ್ಲದ ಸರಕೆಂದು ಹುಬ್ಬುಗಂಟಿಕ್ಕುವುದು ಸಹಜವೇ. ಆದರೆ ಈ ಮಾತು ಎಷ್ಟರ ಮಟ್ಟಿಗೆ ನಿಜವೆಂಬುದನ್ನು ವಿಚಾರಿಸಬೇಕಾಗಿದೆ.

ಗುಂಜಹಳ್ಳಿಯೇ ಮೊದಲಾದ ಊರುಗಳಿರುವ ರಾಯಚೂರು ಸೀಮೆ, ಕೃಷ್ಣಾ ತುಂಗಭದ್ರೆಯರ ನಡುವಿದ್ದೂ ಮಳೆಗಾಗಿ ಮುಗಿಲನ್ನು ನೋಡುವ ನಾಡು. ಮಳೆ ತಡೆದಾಗ ಭಾರತದ ವಿರಾಟಪರ್ವವನ್ನು ಓದಿಸುವುದು ಕನ್ನಡ ನಾಡಿನ ಹಳ್ಳಿಗಳ ಬಹುಕಾಲದ ವಾಡಿಕೆ. ಆ ಪರ್ವದ ವಸ್ತುವಾದರೂ ಏನು? ದೇವಾಂಶಸಂಭೂತರಾದ ಆರು ಮಂದಿ ಒಂದು ನಗರದಲ್ಲಿ ಹೆಸರು ವೇಷಗಳನ್ನು ಮರೆಸಿಕೊಂಡು, ಅಡಿಗೆಯವನಾಗಿ, ಕುದುರೆಗಳನ್ನು ಕಾಯುವವನಾಗಿ, ಸೈರಂಧ್ರಿಯಾಗಿ ಒಂದು ವರ್ಷ ಕಳೆಯುವುದು. ಅವರಲ್ಲಿ ಗಾಂಡೀವಿಯು ಊರ್ವಶಿಯ ಶಾಪದಿಂದ ಬೃಹನ್ನಳೆಯಾಗಿ, ಹೆದೆಯ ಗಾಯದ ಕಲೆಗಳನ್ನು ಬಳೆಗಳಿಂದ ಮುಚ್ಚಿಕೊಂಡು, ಅರಸುಮಗಳಾದ ಉತ್ತರೆಗೆ ನಾಟ್ಯವನ್ನು ಕಲಿಸುತ್ತಾನೆ. ಒಲೆಯ ಮುಂದೆ ಪೌರುಷ ತೋರಿದ ಉತ್ತರಕುಮಾರನು ರಣದಲ್ಲಿ ಓಡತೊಡಗಿದಾಗ ಅವನನ್ನು ಹಿಡಿದು ನಿಲ್ಲಿಸಿದವಳೂ ಆ ಬೃಹನ್ನಳೆಯೇ. ಈ ಕಥೆಯನ್ನು ಕ್ರಿ. ಶ. 941ರಲ್ಲಿ ಪಂಪನೂ, ಹದಿನೈದನೆಯ ಶತಮಾನದಲ್ಲಿ ಗದುಗಿನ ಕುಮಾರವ್ಯಾಸನೂ ಕನ್ನಡಿಸಿದರು. ಕೇಳಿದ ಯಾವ ಗೃಹಸ್ಥನೂ ಇದನ್ನು ಅನ್ಯರ ಸರಕೆಂದು ಎದ್ದುಹೋಗಲಿಲ್ಲ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸತಕ್ಕದ್ದು. ಬೃಹನ್ನಳೆಯ ಸ್ಥಿತಿಗೆ ಶಾಪವೆಂಬ ಕಾರಣವಿತ್ತು, ವರ್ಷವೆಂಬ ಅವಧಿಯಿತ್ತು. ವ್ಯಾಸಭಾರತದಲ್ಲಿ ವಿರಾಟನು ಅವಳನ್ನು ಸ್ತ್ರೀಯರಿಂದ ಪರೀಕ್ಷೆ ಮಾಡಿಸಿದ ಮೇಲೆಯೇ ಅಂತಃಪುರಕ್ಕೆ ಬಿಡುತ್ತಾನೆ. ಅವಧಿ ತೀರಿದೊಡನೆ ಅರ್ಜುನನು ಅರ್ಜುನನೇ ಆದನು. ಕೇಳುವವರ ಮನಸ್ಸು ನಿರಾಳವಾಯಿತು. ಅದ್ಭುತರಸವು ಹೀಗೆ ಒಂದು ತೆರೆಯಾಗಿ ಒದಗಿತು. ತೆರೆಯ ಆಚೆಗೆ ಬೃಹನ್ನಳೆಯನ್ನು ಮೆಚ್ಚುವುದು ಸುಲಭ. ಈಚೆಗೆ ತಮ್ಮ ಬೀದಿಯಲ್ಲಿರುವವರನ್ನು ನೋಡುವ ಪ್ರಮೇಯವೇ ಬರಲಿಲ್ಲ.

ಬೀದಿಯಲ್ಲಿ ಅವರು ಇಲ್ಲದೆ ಇರಲಿಲ್ಲ. 1997ರವರೆಗೆ ರಾಯಚೂರು ಜಿಲ್ಲೆಗೇ ಸೇರಿದ್ದ ಕೊಪ್ಪಳ ಸೀಮೆಯ ಹುಲಿಗಿಯಲ್ಲಿ, ತುಂಗಭದ್ರೆಯ ತಡಿಯ ಹುಲಿಗೆಮ್ಮನ ಸನ್ನಿಧಿಯಲ್ಲಿ, ಮುತ್ತು ಕಟ್ಟಿಸಿಕೊಂಡು ಸೀರೆಯುಟ್ಟು ಚೌಡಿಕೆ ನುಡಿಸುವ ಜೋಗಪ್ಪಗಳು ಇದ್ದರು, ಇದ್ದಾರೆ. ಹಡಲಿಗೆಗೆ ಜೋಳವನ್ನು ಹಾಕಿ ಕೈಮುಗಿದ ಮನೆಗಳು, ತಮ್ಮ ಹೊಟ್ಟೆಯಲ್ಲಿ ಹುಟ್ಟಿದ ಅಂಥ ಮಗುವನ್ನು ಮಾತ್ರ ಹೊಸಿಲಿನ ಒಳಗೆ ಇಟ್ಟುಕೊಳ್ಳಲು ಹಿಂಜರಿದವು. ಅರಸೊತ್ತಿಗೆಯೂ ಕನಿಕರ ತೋರಲಿಲ್ಲ. ರಾಯಚೂರು ಆಗ ಸೇರಿದ್ದ ಹೈದರಾಬಾದು ಸಂಸ್ಥಾನದಲ್ಲಿ 1919ರಲ್ಲಿ ಹೊರಟ ಕಾನೂನು ಇಂಥವರ ಹೆಸರುಗಳನ್ನು ದಾಖಲೆಗೆ ಸೇರಿಸಿ, ಸ್ತ್ರೀವೇಷದಿಂದ ಬಹಿರಂಗದಲ್ಲಿ ಕಾಣಿಸಿಕೊಳ್ಳುವುದನ್ನೂ ಕುಣಿಯುವುದನ್ನೂ ದಂಡನೀಯವೆಂದು ಸಾರಿತು. ತೆಲಂಗಾಣದ ಉಚ್ಚನ್ಯಾಯಾಲಯವು ಅದನ್ನು ಅಸಾಂವಿಧಾನಿಕವೆಂದು ತಳ್ಳಿಹಾಕಿದ್ದು 2023ರಲ್ಲಿ. ಬೃಹನ್ನಳೆಯ ನಾಟ್ಯಕ್ಕೆ ತಲೆದೂಗಿದ ನಾಡು, ಜೀವಂತ ನರ್ತಕಿಯನ್ನು ಅಪರಾಧಿಯ ಸಾಲಿಗೆ ಸೇರಿಸಿತ್ತೆಂಬುದು ಶೋಚನೀಯವಲ್ಲವೆ? ಅದೇ ಹುಲಿಗಿಯಲ್ಲಿ ದೀಕ್ಷೆ ಪಡೆದ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷ ಪೀಠವನ್ನೇರಿ, 2021ರಲ್ಲಿ ಪದ್ಮಶ್ರೀ ಪ್ರಶಸ್ತಿಗೆ ಪಾತ್ರರಾದರು.

ಸಾಹಿತ್ಯದಲ್ಲಿ ಆ ತೆರೆಯನ್ನು ಸರಿಸಿದ ಕೃತಿ, ಸಂಡೂರಿನಲ್ಲಿ 1969ರಲ್ಲಿ ಜನಿಸಿದ ವಸುಧೇಂದ್ರರ 'ಮೋಹನಸ್ವಾಮಿ'. 2013ರಲ್ಲಿ ಹೊರಬಂದ ಈ ಸಂಕಲನದಲ್ಲಿ ಒಬ್ಬನೇ ನಾಯಕ ಹಲವು ಕಥೆಗಳಲ್ಲಿ ಮರಳಿ ಮರಳಿ ಬರುತ್ತಾನೆ. ನಗರ ಬೆಂಗಳೂರು, ಅಲ್ಲಿ ಯಕ್ಷನೂ ಇಲ್ಲ, ಊರ್ವಶಿಯೂ ಇಲ್ಲ. ಮೋಹನಸ್ವಾಮಿ ಪ್ರೀತಿಸಿದ ಕಾರ್ತಿಕನು ಒಂದು ದಿನ ಹೆಣ್ಣೊಬ್ಬಳನ್ನು ಮದುವೆಯಾಗಿ ಹೋಗುತ್ತಾನೆ. ಬೃಹನ್ನಳೆಗಿದ್ದ ಸಮಾಧಾನ ಈತನಿಗಿಲ್ಲ: ಶಾಪವೇ ಇಲ್ಲದವನಿಗೆ ಶಾಪವಿಮೋಚನೆ ಎಲ್ಲಿಯದು? ಇವನ ಸ್ವಭಾವ ವೇಷವಲ್ಲ. ವರ್ಷ ತುಂಬಿದರೆ ಕಳಚಿಡುವಂಥದಲ್ಲ. ಕಳೆಯಬೇಕಾದ ಅಜ್ಞಾತವಾಸವೊಂದೇ ಅವನ ಪಾಲಿನದು.

ಆ ಗ್ರಂಥ ಬಂದ ವರ್ಷವೇ, ಡಿಸೆಂಬರ್ 11ರಂದು, ಸರ್ವೋಚ್ಚ ನ್ಯಾಯಾಲಯವು ಇಂಥ ಪ್ರೇಮವನ್ನು ಮರಳಿ ಅಪರಾಧವಾಗಿಸಿತು. ಮರುವರ್ಷದ ಇನ್ನೊಂದು ತೀರ್ಪು, ತಾನು ಹೆಣ್ಣೋ ಗಂಡೋ ಮೂರನೆಯ ಪ್ರಕೃತಿಯೋ ಎಂದು ಹೇಳುವ ಅಧಿಕಾರ ಆಯಾ ವ್ಯಕ್ತಿಯದೇ ಎಂದಿತು. ವಿರಾಟನ ಪರೀಕ್ಷೆಗೆ ಅದೊಂದು ಉತ್ತರ. 2018ರ ಸೆಪ್ಟೆಂಬರ್ 6ರಂದು ಪ್ರೇಮದ ಮೇಲಿನ ಕಳಂಕವನ್ನೂ ಅದೇ ನ್ಯಾಯಾಲಯ ತೊಡೆದುಹಾಕಿತು. ಕಾನೂನಿನ ಅಜ್ಞಾತವಾಸ ಅಂದಿಗೆ ಮುಗಿಯಿತು. ಮನೆಯದು ಮುಗಿಯಿತೆಂದು ಹೇಳುವಂತಿಲ್ಲ.

ಆದಕಾರಣ ಹೊಸ ಅದ್ಭುತಕಾದಂಬರಿಯ ಮೊದಲ ಸಂಪುಟ ಮನೆಗೆ ಬಂದಾಗ ಹಿರಿಯರು ಅಂಜಬೇಕಾದುದಿಲ್ಲ; ಮಾಯಾನಗರದ ಕಥೆಯನ್ನು ಈ ನಾಡು ಬಲ್ಲುದು. ವಿಚಾರಿಸಬೇಕಾದುದು ಬೇರೆ. ವಿರಾಟಪರ್ವವನ್ನು ಕೇಳಲು ಜಗಲಿಯಲ್ಲಿ ನೆರೆದವರ ನಡುವೆ, ಬೃಹನ್ನಳೆಯ ಪ್ರಸಂಗ ಬಂದಾಗ ನಗುವವರ ನಡುವೆ, ನಗದೆ ತಲೆ ತಗ್ಗಿಸಿ ಕುಳಿತ ಹುಡುಗನೊಬ್ಬ ಇದ್ದಿರಬಹುದಲ್ಲವೆ? ಓದು ಮುಗಿದ ಮೇಲೆ ಅವನು ತನ್ನ ಹೆಸರಿನಿಂದಲೇ ಒಳಗೆ ಬಂದು ಊಟಕ್ಕೆ ಕುಳಿತುಕೊಳ್ಳುವಂತಾದರೆ, ಪರ್ವವನ್ನು ಓದಿಸಿದ್ದು ಸಾರ್ಥಕ.