ಲಬೇಜಾ ಮನೆತನ: ಹಾರ್ಲೆಮ್‌ನ ಬಾಲ್‌ರೂಮಿಗೆ ಅರ್ಧ ಶತಮಾನ

ನ್ಯೂಯಾರ್ಕ್‌ನ ಹಾರ್ಲೆಮ್‌ಗೆ ವೇಷದ ಕೂಟಗಳು ಹೊಸತೇನಲ್ಲ. ಹ್ಯಾಮಿಲ್ಟನ್ ಲಾಡ್ಜ್ 1869ರಲ್ಲಿ ಆರಂಭಿಸಿದ ನೃತ್ಯಕೂಟಕ್ಕೆ 1920ರ ದಶಕದಲ್ಲಿ ಸಾವಿರಾರು ಜನ ಸೇರುತ್ತಿದ್ದರು. ಹೆಣ್ಣುಡುಗೆ ತೊಟ್ಟು ಬಂದ ಗಂಡಸರಿಗೆ ಬಹುಮಾನವೂ ಇತ್ತು. ಆದರೆ ಮುಂದೆ ನಗರದ ಇಂಥದೇ ವೇಷದ ಸೌಂದರ್ಯ ಸ್ಪರ್ಧೆಗಳಲ್ಲಿ ಕಪ್ಪು ಜನ ಎಷ್ಟೇ ಸಿಂಗರಿಸಿಕೊಂಡು ಬಂದರೂ ಕಿರೀಟ ಬಿಳಿಯರಿಗೇ ಮೀಸಲು ಎಂಬ ಅಸಮಾಧಾನ ಒಳಗೊಳಗೇ ಕುದಿಯುತ್ತಿತ್ತು.

1967ರಲ್ಲಿ ಟೌನ್ ಹಾಲ್‌ನ ಸ್ಪರ್ಧೆಯಲ್ಲಿ ಅದು ಸ್ಫೋಟಿಸಿತು. ಫಿಲಡೆಲ್ಫಿಯಾದ ಬಿಳಿಯ ಸ್ಪರ್ಧಿ ಹಾರ್ಲೋ ಗೆದ್ದಾಗ ಕಪ್ಪು ಸ್ಪರ್ಧಿ ಕ್ರಿಸ್ಟಲ್ ಲಬೇಜಾ ವೇದಿಕೆ ಬಿಟ್ಟು ನಡೆದರು, ತೀರ್ಪು ಮೊದಲೇ ಗೊತ್ತುಮಾಡಿದ್ದೆಂದು ಮುಲಾಜಿಲ್ಲದೆ ಜಾಡಿಸಿದರು. 'ದಿ ಕ್ವೀನ್' ಎಂಬ 1968ರ ಸಾಕ್ಷ್ಯಚಿತ್ರದಲ್ಲಿ ಆ ಸಿಟ್ಟು ದಾಖಲಾಗಿದೆ. 1972ರಲ್ಲಿ ಲಾಟಿ ಎಂಬ ಗೆಳತಿಯ ಒತ್ತಾಸೆಯಿಂದ ಕ್ರಿಸ್ಟಲ್ ಹಾರ್ಲೆಮ್‌ನಲ್ಲೇ 'ಬಾಲ್' ಎಂಬ ವೇಷಸ್ಪರ್ಧೆಯ ಕೂಟ ನಡೆಸಿದರು. ಅದನ್ನು ಏರ್ಪಡಿಸಿದ್ದು 'ಹೌಸ್ ಆಫ್ ಲಬೇಜಾ'. ಅದರ 'ಮದರ್' ಕ್ರಿಸ್ಟಲ್. ಮೊದಲ ಹೌಸ್, ಅಂದರೆ ಬಾಲ್‌ ಲೋಕದ ಮನೆತನ, ಹುಟ್ಟಿದ್ದು ಹೀಗೆ.

ಡುಪ್ರೀ, ಕೋರಿ, 1982ರಲ್ಲಿ ಲ್ಯಾಟಿನೋಗಳ ಎಕ್ಸ್‌ಟ್ರಾವಗಾಂಜಾ: ಹೌಸ್‌ಗಳು ಸಾಲುಗಟ್ಟಿದವು. ಸಲಿಂಗಿ, ಟ್ರಾನ್ಸ್ ಎಂಬ ಕಾರಣಕ್ಕೆ ಹೆತ್ತವರು ಹೊರಹಾಕಿದ ಹದಿಹರೆಯದವರಿಗೆ ಇಲ್ಲಿ ತಾಯಿ, ತಂದೆ, ಒಡಹುಟ್ಟಿದವರು ಸಿಕ್ಕರು. ಹೌಸ್‌ನ ಹೆಸರೇ ಅವರ ಮನೆತನದ ಹೆಸರಾಯಿತು.

ಬಾಲ್ ಸಾಮಾನ್ಯವಾಗಿ ನಡುರಾತ್ರಿಗೆ ರಂಗೇರಿ ಬೆಳಗಿನವರೆಗೆ ಸಾಗುತ್ತದೆ. ನಿರೂಪಕರು ವಿಭಾಗದ ಹೆಸರು ಕೂಗುತ್ತಾರೆ. ಸ್ಪರ್ಧಿ ನಡೆದು ಬಂದು ಸಾಲಾಗಿ ಕುಳಿತ ತೀರ್ಪುಗಾರರ ಮುಂದೆ ನಿಲ್ಲಬೇಕು. ಎಲ್ಲರೂ '10' ಎತ್ತಿದರೆ ಮುಂದಿನ ಸುತ್ತು, ಒಬ್ಬರು ಬೇಡವೆಂದು ತಲೆಯಾಡಿಸಿದರೂ 'ಚಾಪ್', ಅಂದರೆ ಆಟ ಮುಗಿಯಿತು. 'ರಿಯಲ್‌ನೆಸ್' ವಿಭಾಗದಲ್ಲಿ ಕಚೇರಿ ಅಧಿಕಾರಿಯಂತೆಯೋ ಸೈನಿಕನಂತೆಯೋ ಎಳ್ಳಷ್ಟೂ ಅನುಮಾನ ಬಾರದ ಹಾಗೆ ಕಾಣಬೇಕು. ಬೀದಿಯಲ್ಲಿ ಏಟು ತಪ್ಪಿಸಿಕೊಳ್ಳಲೂ ಅದೇ ವಿದ್ಯೆ ಬೇಕಿತ್ತು. ಫ್ಯಾಷನ್ ಪತ್ರಿಕೆಯ ರೂಪದರ್ಶಿಗಳ ಭಂಗಿಗಳನ್ನು ತಾಳಕ್ಕೆ ಕಟ್ಟಿದ ನೃತ್ಯವೇ ವೋಗ್. ಹಳೇ ಶೈಲಿಯಲ್ಲಿ ಕೈಕಾಲು ನೇರ ಗೆರೆಗಳಾಗುತ್ತವೆ. ನಂತರದ 'ವೋಗ್ ಫೆಮ್'ನಲ್ಲಿ ಕುಕ್ಕರಗಾಲಲ್ಲೇ ಕುಪ್ಪಳಿಸುವ 'ಡಕ್‌ವಾಕ್', ಒಂದು ಕಾಲು ಮಡಿಸಿ ಬೆನ್ನಮೇಲೆ ಬೀಳುವ 'ಡಿಪ್' ಬಂದವು.

1990ರಲ್ಲಿ ಗಾಯಕಿ ಮಡೋನಾ ಅವರ 'ವೋಗ್' ಹಾಡು, ಜೆನ್ನಿ ಲಿವಿಂಗ್‌ಸ್ಟನ್ ಅವರ 'ಪ್ಯಾರಿಸ್ ಈಸ್ ಬರ್ನಿಂಗ್' ಚಿತ್ರ ಈ ಬಾಲ್‌ಗಳನ್ನು ಲೋಕಕ್ಕೆ ತೋರಿಸಿದವು. ಚಿತ್ರದ ಗಳಿಕೆಯಲ್ಲಿ ಪಾಲಿಗಾಗಿ ಅದರಲ್ಲಿ ಕಾಣಿಸಿಕೊಂಡವರು ತಕರಾರು ಎತ್ತಬೇಕಾಯಿತು. ಅದೇ ಹೊತ್ತಿಗೆ ಏಡ್ಸ್ ಮನೆಮನೆಯನ್ನೂ ಬರಿದು ಮಾಡುತ್ತಿತ್ತು. ಹೌಸ್‌ಗಳು ಆಗ ರೋಗಿಗಳ ಆರೈಕೆಗೆ ನಿಂತವು. ಏಡ್ಸ್ ವಿರುದ್ಧ ಕೆಲಸ ಮಾಡುವ ಜಿಎಂಎಚ್‌ಸಿ ಸಂಸ್ಥೆ 'ಹೌಸ್ ಆಫ್ ಲೇಟೆಕ್ಸ್' ಕಟ್ಟಿ ಕಾಂಡೋಮನ್ನೂ ತಿಳಿವಳಿಕೆಯನ್ನೂ ಬಾಲ್‌ಗೇ ತಂದಿತು.

ಕ್ರಿಸ್ಟಲ್ ನಂತರ ಪೆಪ್ಪರ್ ಲಬೇಜಾ ಎರಡು ದಶಕ ಲಬೇಜಾ ಹೌಸ್ ನಡೆಸಿ 2003ರಲ್ಲಿ ತೀರಿಕೊಂಡರು. ಬೀಗ ಜಡಿಯಲು ಕಟ್ಟಡವಿಲ್ಲದ, ಸರ್ಕಾರದ ಅನುದಾನಕ್ಕೆ ಕಾಯದ ಈ ಸಂಸ್ಥೆಯ ಆಸ್ತಿ ಒಂದು ಹೆಸರು ಮಾತ್ರ. ಕೊಡುವವರೂ ಹೊರುವವರೂ ಇರುವವರೆಗೆ ಹೌಸ್ ಇರುತ್ತದೆ.