ಗಂಗೂಬಾಯಿಯವರ ಎರಡು ಕಂಠ

ದೊಡ್ಡ ಗಾಯಕರ ಆಯ್ದ ಧ್ವನಿಮುದ್ರಿಕೆಗಳನ್ನು ಒಂದು ಪೆಟ್ಟಿಗೆಯಲ್ಲಿ ಕೂಡಿಸಿ ಮಾರುವ ರೂಢಿ ಇಂದು ನಿನ್ನೆಯದಲ್ಲ. ಎಲ್ಪಿ ರೆಕಾರ್ಡುಗಳ ಕಾಲದಲ್ಲಿ ಅದು ಇತ್ತು, ಕ್ಯಾಸೆಟ್ಟಿನ ಕಾಲದಲ್ಲಿಯೂ ಇತ್ತು, ಸಿ.ಡಿ. ಬಂದ ಮೇಲೆ ಇನ್ನೂ ಹೆಚ್ಚಿತು. ಈಗ ಬೇಕಾದ ಹಾಡು ಮೊಬೈಲಿನಲ್ಲಿಯೇ ಕೇಳಿಸುತ್ತದೆ. ಆದರೂ ಪೆಟ್ಟಿಗೆಯ ಮೋಹ ಪೂರ್ತಿ ಹೋಗಿಲ್ಲ. ಪೆಟ್ಟಿಗೆಯೆಂದರೆ ಯಾರೋ ಕುಳಿತು ಆರಿಸಿದ್ದು. ಇದನ್ನು ಮೊದಲು ಕೇಳಬೇಕು, ಇದನ್ನು ಆಮೇಲೆ ಕೇಳಬೇಕು, ಇದನ್ನು ಕೇಳದಿದ್ದರೂ ನಡೆದೀತು ಎಂದು ಯಾರೋ ನಮ್ಮ ಪರವಾಗಿ ತೀರ್ಮಾನಿಸಿದ್ದು. ಆ ತೀರ್ಮಾನವೇ ಮುಂದೆ ಆ ಕಲಾವಿದರ ಚರಿತ್ರೆಯಾಗಿ ನಿಂತುಬಿಡುತ್ತದೆ. ಡಾ. ಗಂಗೂಬಾಯಿ ಹಾನಗಲ್ಲರ ವಿಷಯದಲ್ಲಿ ಈ ತಕ್ಕಡಿ ಒಂದೇ ಕಡೆಗೆ ವಾಲಿದೆಯೆಂದು ನನಗೆ ಬಹಳ ದಿನಗಳಿಂದ ಅನಿಸಿದೆ. ಅದನ್ನು ಕುರಿತು ನಾಲ್ಕು ಮಾತು ಹೇಳುವುದು ಇಂದಿನ ಉದ್ದೇಶ.

ನಾನಿರುವ ಮೇಲವಂಕಿ ಗೋಕಾಕ ಸೀಮೆಯ ಊರು. ಈ ಭಾಗದ ಕಿವಿ ಬೆಳಗಿನ ತನಕ ಹಾಡು ಕೇಳಿ ಬಲಿತದ್ದು. ಕುಲಗೋಡ ತಮ್ಮಣ್ಣನ ಹೆಸರಿನೊಡನೆ ಬೆಸೆದುಕೊಂಡ ಶ್ರೀಕೃಷ್ಣ ಪಾರಿಜಾತವೂ ಅದನ್ನು ಆಡಿ ಹೆಸರಾದ ಕೌಜಲಗಿ ನಿಂಗಮ್ಮನೂ ಇದೇ ಹಳೆಯ ಗೋಕಾಕ ತಾಲ್ಲೂಕಿಗೆ ಸೇರಿದವರು. ಇಂಥ ಕೇಳುಗರಲ್ಲಿ ಕೆಲವರು ಗಂಗೂಬಾಯಿಯವರ ಸಂಗೀತದ ಪೆಟ್ಟಿಗೆಯೊಂದನ್ನು ಹಣ ಕೂಡಿಸಿ ತರಿಸುವ ಯೋಚನೆ ಮಾಡಿ, ಯಾವುದನ್ನು ತರಿಸೋಣವೆಂದು ನನ್ನನ್ನು ಕೇಳಿದರು. ಹಳೆಯ 78 ಸುತ್ತಿನ ಪ್ಲೇಟುಗಳಿಂದ ತೆಗೆದ ಹಾಡುಗಳಿರುವುದನ್ನು ತರಿಸಿರಿ ಎಂದೆ. ಒಪ್ಪಿಗೆಯಾಗಲಿಲ್ಲ. ಮೂರು ನಿಮಿಷದಲ್ಲಿ ಮುಗಿಯುವುದು ಎಂಥ ಹಾಡು, ಖ್ಯಾಲವೆಂದರೆ ಒಂದು ತಾಸಾದರೂ ಬೇಡವೇ ಎಂದು ಅವರ ಪ್ರಶ್ನೆ. ಪ್ರಶ್ನೆ ಸಹಜವಾದದ್ದು. ಪೆಟ್ಟಿಗೆ ಕಟ್ಟುವವರಲ್ಲಿ ಬಹುಮಂದಿಯ ಅಭಿಪ್ರಾಯವೂ ಅದೇ. ಅವರು ತುಂಬುವುದು ಗಂಗೂಬಾಯಿಯವರ ನಡುವಯಸ್ಸಿನ ಹಾಗೂ ಮುಪ್ಪಿನ ಗಾಯನವನ್ನು. ಮೊದಲಿನ ಪ್ಲೇಟುಗಳು ಸೇರಿದರೂ ಕೊನೆಯಲ್ಲಿ, ಕುತೂಹಲಕ್ಕೆಂದು ಅಂಟಿಸಿದ ಬಾಲದಂತೆ.

ಗಂಗೂಬಾಯಿಯವರು ಹುಟ್ಟಿದ್ದು ಧಾರವಾಡದಲ್ಲಿ, 1913ರ ಮಾರ್ಚ್ 5ರಂದು. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಮಗಳ ಒಲವು ಹಿಂದೂಸ್ಥಾನಿಯ ಕಡೆಗಿದ್ದುದರಿಂದ ಆ ಪದ್ಧತಿಯ ಶಿಕ್ಷಣಕ್ಕೆಂದು ಕುಟುಂಬ 1928ರಲ್ಲಿ ಹುಬ್ಬಳ್ಳಿಗೆ ಬಂದು ನೆಲೆಸಿತು. ಅದಕ್ಕೂ ಮೊದಲು, 1924ರಲ್ಲಿ, ನಮ್ಮ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ಸ್ವಾಗತಗೀತೆ ಹಾಡಿದ ಹುಡುಗಿಯರಲ್ಲಿ ಹನ್ನೊಂದು ವರ್ಷದ ಈ ಬಾಲೆಯೂ ಇದ್ದಳು. ಊಟವಾದ ಮೇಲೆ ಉಂಡ ಜಾಗವನ್ನು ತಾನೇ ಬಳಿಯಬೇಕಾದೀತೇ ಎಂಬ ಅಳುಕು ಅಂದು ತಮ್ಮನ್ನು ಕಾಡಿತೆಂದು ಅವರು ಮುಂದೆ ಹೇಳಿಕೊಂಡಿದ್ದಾರೆ. ಹಾಡುವ ಹೆಂಗಸರ ಮನೆತನದಲ್ಲಿ ಹುಟ್ಟಿದ ಹುಡುಗಿಗೆ ಆ ಕಾಲದಲ್ಲಿ ಈ ಅಳುಕು ಇದ್ದುದು ಸೋಜಿಗವಲ್ಲ. ಪಾಠಕ್ಕೆ ಹೊರಟಾಗ ಬೀದಿಯಲ್ಲಿ ‘ಗಾನೇವಾಲಿ’ ಎಂಬ ಚುಚ್ಚುಮಾತನ್ನೂ ಅವರು ಕೇಳಬೇಕಾಯಿತು.

ಎಚ್.ಎಂ.ವಿ. ಕಂಪನಿ ಅವರನ್ನು ಮುಂಬಯಿಗೆ ಕರೆಸಿ ಹಾಡಿಸಿದ್ದು 1932ರ ಸುಮಾರಿಗೆ. ತಾಯಿ ತೀರಿಕೊಂಡದ್ದೂ ಅದೇ ವರ್ಷ. ಮುಂದಿನ ಎರಡು ಮೂರು ವರ್ಷಗಳಲ್ಲಿ ಹಲವಾರು ಪ್ಲೇಟುಗಳು ಹೊರಬಂದವು. ಮೊದಮೊದಲಿನವುಗಳ ಮೇಲಿದ್ದ ಹೆಸರು ಗಾಂಧಾರಿ. ಜೊತೆಗೆ ಹುಬ್ಬಳ್ಳಿ ಎಂಬ ಊರಿನ ಗುರುತು. ರಾಗದ ಚೀಜುಗಳಿದ್ದವು, ಲಘು ಸಂಗೀತವಿತ್ತು, ಜಿ. ಎನ್. ಜೋಶಿಯವರ ಜೊತೆಗೆ ಹಾಡಿದ ಮರಾಠಿ ಯುಗಳಗೀತೆಗಳೂ ಇದ್ದವು. ಯಾರ ಪಂಕ್ತಿಯಲ್ಲಿ ಕುಳಿತು ಉಣ್ಣುವುದು ಆ ತರುಣಿಗೆ ಅಂದು ಸಾಧ್ಯವಿರಲಿಲ್ಲವೋ ಅಂಥವರ ನಡುಮನೆಗೂ ಈ ಪ್ಲೇಟು ಸುಲಭವಾಗಿ ಹೋಯಿತು. ಅರಗಿನ ಕರಿಯ ತಟ್ಟೆಗೆ ಮೈಲಿಗೆಯಿರಲಿಲ್ಲ. ನಮ್ಮ ನಾಡಿನ ಸಾಮಾಜಿಕ ಚರಿತ್ರೆ ಬರೆಯುವವರು ಈ ಸಂಗತಿಗೆ ಇನ್ನಷ್ಟು ಬೆಲೆ ಕೊಡಬೇಕಾಗಿತ್ತು.

ಈ ಪ್ಲೇಟುಗಳಲ್ಲಿ ಕೇಳುವ ಕಂಠ ಸಣ್ಣದು, ಎತ್ತರದ್ದು, ಚುರುಕಾದದ್ದು. ಅದನ್ನು ಮೊದಲ ಬಾರಿಗೆ ಕೇಳಿದವರು ಇದು ಗಂಗೂಬಾಯಿಯವರದೆಂದು ನಂಬುವುದಿಲ್ಲ. ನಾವೆಲ್ಲ ಬಲ್ಲ ಗಂಗೂಬಾಯಿಯವರ ಧ್ವನಿ ಗಂಭೀರವಾದದ್ದು, ಗಂಡುದನಿಯೆಂದೇ ಹೆಸರಾದದ್ದು. ಮಂದ್ರದ ಷಡ್ಜದ ಮೇಲೆ ಅವರು ನಿಂತರೆಂದರೆ ನೆಲದಲ್ಲಿ ಕಂಬ ಹೂಳಿದಂತೆ. ಗಂಟಲಿನ ಬೇನೆಯಾಗಿ ಚಿಕಿತ್ಸೆ ನಡೆದ ಬಳಿಕ ಕಂಠ ಹೀಗೆ ಇಳಿಯಿತು. ಬೇರೆಯವರಾಗಿದ್ದರೆ ಹಾಡನ್ನೇ ಬಿಡುತ್ತಿದ್ದರೇನೋ. ಇವರು ಇಳಿದ ಕಂಠಕ್ಕೆ ತಕ್ಕ ಗಾಯನವನ್ನು ಕಟ್ಟಿಕೊಂಡರು.

ಕಟ್ಟಿಕೊಳ್ಳಲು ಬೇಕಾದ ಸಾಮಗ್ರಿ ಬಂದದ್ದು ಕುಂದಗೋಳದಿಂದ. ಕೃಷ್ಣಾಚಾರ್ಯ ಹುಲಗೂರ, ದತ್ತೋಪಂತ ದೇಸಾಯಿ ಇವರಲ್ಲಿ ಮೊದಲ ಪಾಠಗಳಾಗಿದ್ದವು. ಕಿರಾನಾ ಘರಾಣೆಯ ಸವಾಯಿ ಗಂಧರ್ವರ ಮಾರ್ಗದರ್ಶನವೂ ಆಗಾಗ ದೊರೆತಿತ್ತು. ಗುರುಗಳು ನಾಟಕದ ತಿರುಗಾಟ ಬಿಟ್ಟು ಊರಲ್ಲಿ ನೆಲೆಸಿದ ಮೇಲೆ, 1937ರ ಸುಮಾರಿನಿಂದ, ಪಾಠ ಕ್ರಮವಾಗಿ ನಡೆಯಿತು. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬರುವುದು. ಅದೇ ಕಾಲದಲ್ಲಿ ಭೀಮಸೇನ ಜೋಶಿಯವರೂ ಅಲ್ಲಿ ಕಲಿಯುತ್ತಿದ್ದರು. ಕೆಲವೇ ರಾಗಗಳು, ಒಂದೊಂದು ಸ್ವರವಾಕ್ಯವೂ ಮನಸ್ಸಿಗೆ ಬರುವವರೆಗೆ ತಿದ್ದುವ ಕ್ರಮ. ಆಮೇಲೆ ಠುಮರಿ, ಭಜನೆಗಳನ್ನು ಬಿಟ್ಟು ಖ್ಯಾಲವನ್ನೇ ಹಿಡಿದರು. ಮಾರವಾ, ಪೂರಿಯಾ, ಶುದ್ಧ ಕಲ್ಯಾಣ, ಆಸಾವರಿ, ಚಂದ್ರಕೌಂಸ ಅವರ ರಾಗಗಳೆಂದು ಜನ ಹೇಳತೊಡಗಿದ್ದು ಈ ಸಾಧನೆಯ ಫಲವಾಗಿ.

ಹೀಗಿರುವಾಗ 1932ರ ಪ್ಲೇಟನ್ನು ‘ಇನ್ನೂ ಮಾಗದ ಗಾಯನ’ವೆಂದು ಬದಿಗಿಡಬಹುದೇ? ಮಾಗಿರಲಿಲ್ಲ ನಿಜ. ಆದರೆ ಅದನ್ನು ಕೇಳದವನಿಗೆ ಆಮೇಲಿನ ಗಂಭೀರ ಕಂಠ ಹುಟ್ಟಿನಿಂದ ಬಂದ ವರದಂತೆ ಕಾಣುತ್ತದೆ. ಎಷ್ಟನ್ನು ಕಳೆದುಕೊಂಡು ಅದನ್ನು ಸಂಪಾದಿಸಿದ್ದಾಯಿತೆಂಬುದು ತಿಳಿಯುವುದಿಲ್ಲ. ಮೊದಲಿನ ಕಂಠಕ್ಕೆ ತಾರಸಪ್ತಕದಲ್ಲಿ ಓಡಾಡುವುದು ಅನಾಯಾಸವಾಗಿತ್ತು, ಸಣ್ಣ ತಾನಗಳು ಮಿಂಚಿ ಮಾಯವಾಗುತ್ತಿದ್ದವು. ಎರಡನೆಯ ಕಂಠ ಆ ಓಟವನ್ನು ಬಿಟ್ಟುಕೊಟ್ಟು ಒಂದೊಂದು ಸ್ವರದಲ್ಲಿ ತಂಗುವುದನ್ನು ಕಲಿಯಿತು. ಮಾರವಾದ ರಿಷಭವನ್ನು ಅವರು ಎಷ್ಟು ಹೊತ್ತು ಕಾಯಿಸುತ್ತಾರೆ ಎಂಬುದರ ಸವಿ ಅರಿಯಬೇಕಾದರೆ, ಒಂದು ಕಾಲಕ್ಕೆ ಕಾಯದೆ ಹಾರಬಲ್ಲವರಾಗಿದ್ದರೆಂಬುದನ್ನೂ ಕೇಳಿರಬೇಕು.

ಮೂರು ನಿಮಿಷದ ಆಕ್ಷೇಪಕ್ಕೂ ಉತ್ತರ ಹೇಳಬೇಕು. ಹತ್ತು ಅಂಗುಲದ ಪ್ಲೇಟಿನ ಒಂದು ಬದಿಗೆ ಮೂರು, ಮೂರೂವರೆ ನಿಮಿಷಕ್ಕಿಂತ ಹೆಚ್ಚು ಹಿಡಿಸುತ್ತಿರಲಿಲ್ಲ. ಗಾಯಕರು ಇದನ್ನು ಅರಿತೇ ಹಾಡಿದರು: ಆಲಾಪಕ್ಕೆ ಎರಡು ಉಸಿರು, ಚೀಜಿನ ಮುಖಡಾ, ಅಂತರೆ, ನಾಲ್ಕಾರು ತಾನ, ಮುಗಿಯಿತು. ಅದು ಕಚೇರಿಯ ತುಂಡಲ್ಲ, ಬೇರೆಯೇ ಒಂದು ರಚನೆ. ಅಬ್ದುಲ್ ಕರೀಮ್ ಖಾನರ ಝಿಂಝೋಟಿಯ ಠುಮರಿ ಪ್ಲೇಟು ಬಾಲಕ ಭೀಮಸೇನರನ್ನು ಗದಗಿನ ಮನೆ ಬಿಟ್ಟು ಗುರುವನ್ನು ಹುಡುಕಿಕೊಂಡು ಹೋಗುವಂತೆ ಮಾಡಿತೆಂಬುದು ಎಲ್ಲರೂ ಬಲ್ಲ ಕಥೆ. ಅಷ್ಟು ಮಾಡಿದ್ದೂ ಮೂರು ನಿಮಿಷದ ಪ್ಲೇಟೇ.

ಆದರೆ ಇಲ್ಲಿ ಕೊಳ್ಳುವವರು ಎಚ್ಚರ ವಹಿಸಬೇಕಾದ ಮಾತೊಂದಿದೆ. ಪ್ಲೇಟು ನಿಮಿಷಕ್ಕೆ 78 ಸುತ್ತು ತಿರುಗಬೇಕೆಂಬುದು ನಿಯಮ. ಹೊಸ ಮುದ್ರಣಕ್ಕೆ ಇಳಿಸಿಕೊಳ್ಳುವಾಗ ವೇಗ ನೂರಕ್ಕೆ ಆರರಷ್ಟು ಹೆಚ್ಚಿದರೆ, ಅಂದರೆ ಸುಮಾರು 83 ಸುತ್ತಾದರೆ, ಶ್ರುತಿ ಅರ್ಧ ಸ್ವರ ಮೇಲಕ್ಕೇರುತ್ತದೆ; ಅಷ್ಟೇ ತಗ್ಗಿದರೆ ಅರ್ಧ ಸ್ವರ ಕೆಳಗಿಳಿಯುತ್ತದೆ. ಬೇರೆ ಗಾಯಕರಲ್ಲಿ ಇದು ಸಣ್ಣ ತಪ್ಪು. ಗಂಗೂಬಾಯಿಯವರಲ್ಲಿ ಚರಿತ್ರೆಯೇ ತಿರುಚಿಹೋಗುತ್ತದೆ. ವೇಗ ಹೆಚ್ಚಾದರೆ ಹತ್ತೊಂಬತ್ತು ಇಪ್ಪತ್ತರ ತರುಣಿ ಎಂಟು ವರ್ಷದ ಹುಡುಗಿಯಾಗುತ್ತಾಳೆ. ಕಡಿಮೆಯಾದರೆ ಮುಂದೆ ಬರಬೇಕಾದ ಕಂಠ ಆಗಲೇ ಬಂದುಬಿಟ್ಟಂತೆ ತೋರುತ್ತದೆ. ಪರೀಕ್ಷೆ ಕಷ್ಟವಲ್ಲ. ಸಾಥಿಗಿರುವ ಪೇಟಿಯನ್ನು ಗಮನಿಸಬೇಕು. ಅದರ ಸ್ವರ ಬಿಳಿ ಮನೆಗೂ ಕರಿ ಮನೆಗೂ ನಡುವೆ ಎಲ್ಲೋ ತೂಗಾಡುತ್ತಿದ್ದರೆ ವೇಗದ ಬಗ್ಗೆ ಸಂಶಯಪಡಬಹುದು. ಒಂದೇ ಪ್ಲೇಟಿನ ಎರಡು ಬದಿಗಳ ಶ್ರುತಿ ಕಾರಣವಿಲ್ಲದೆ ತುಸು ಭಿನ್ನವಾಗಿದ್ದರೂ ಹಾಗೆಯೇ. ಇನ್ನು ಕೆಲವರು ಪ್ಲೇಟಿನ ಕರಕರ ಸದ್ದನ್ನು ಪೂರ್ತಿ ಒರೆಸಿಬಿಡುವ ಉತ್ಸಾಹದಲ್ಲಿ ತಂಬೂರಿಯ ಝೇಂಕಾರವನ್ನೂ ಒರೆಸಿರುತ್ತಾರೆ. ಸ್ವಲ್ಪ ಕರಕರ ಇರಲಿ, ಕಿವಿ ಎರಡು ದಿನದಲ್ಲಿ ಅದಕ್ಕೆ ಹೊಂದಿಕೊಳ್ಳುತ್ತದೆ.

ಎಲ್ಪಿ ಬಂದಾಗ ಒಂದು ಬದಿಗೆ ಇಪ್ಪತ್ತು ನಿಮಿಷಕ್ಕೂ ಮೇಲ್ಪಟ್ಟು ಅವಕಾಶವಾಯಿತು. ಅದಕ್ಕಿಂತಲೂ ಮುಖ್ಯವಾದದ್ದು ಬಾನುಲಿ. ಧಾರವಾಡದ ನಿಲಯ 1950ರ ಜನವರಿ 8ರಂದು ಆರಂಭವಾಯಿತು; ಸಂಗೀತದ ರಾಷ್ಟ್ರೀಯ ಕಾರ್ಯಕ್ರಮ 1952ರಲ್ಲಿ. ಕಂಪನಿಯ ಸ್ಟುಡಿಯೋದಲ್ಲಿ ಮಾರಾಟದ ಲೆಕ್ಕವಿರುತ್ತಿತ್ತು, ಬಾನುಲಿಯಲ್ಲಿ ಅದು ಇರಲಿಲ್ಲ. ಅವರ ವಿಲಂಬಿತ ಪೂರ್ತಿ ಉಸಿರಾಡುವುದು ಬಾನುಲಿಯ ಧ್ವನಿಮುದ್ರಣಗಳಲ್ಲಿ. ಹಣ ಕಡಿಮೆಯಿದ್ದು ಎಲ್ಪಿಯ ಹಾಡುಗಳೋ ಬಾನುಲಿಯ ಹಾಡುಗಳೋ ಎಂಬ ಪ್ರಶ್ನೆ ಬಂದರೆ ಬಾನುಲಿಯವನ್ನೇ ಆರಿಸಿರಿ ಎನ್ನುತ್ತೇನೆ. 1971ರ ಪದ್ಮಭೂಷಣ, 2002ರ ಪದ್ಮವಿಭೂಷಣಗಳನ್ನು ಎಲ್ಲ ಪೆಟ್ಟಿಗೆಗಳೂ ತಪ್ಪದೆ ಅಚ್ಚು ಹಾಕುತ್ತವೆ. ನನಗೆ ಬೇಕಾದದ್ದು ಪ್ರತಿಯೊಂದು ಹಾಡಿನ ಎದುರಿಗೆ ಅದನ್ನು ಹಾಡಿದ ವರ್ಷ. ವರ್ಷವಿಲ್ಲದ ಪೆಟ್ಟಿಗೆಯಲ್ಲಿ ಎರಡು ಕಂಠಗಳು ಕಲಸಿಹೋಗುತ್ತವೆ, ಕೇಳುವವನಿಗೆ ದಾರಿ ಸಿಕ್ಕುವುದಿಲ್ಲ.

ಹೆಸರುಗಳನ್ನೂ ಓದಿ ನೋಡಬೇಕು. ಗಂಡಸು ಹಾಡಿದರೆ ಪಂಡಿತನೋ ಉಸ್ತಾದನೋ ಆಗುತ್ತಾನೆ, ಹೆಂಗಸು ಎಷ್ಟು ಹಾಡಿದರೂ ಬಾಯಿಯಾಗಿಯೇ ಉಳಿಯುತ್ತಾಳೆ ಎಂದು ಗಂಗೂಬಾಯಿಯವರು ನಗುತ್ತಲೇ ಹೇಳುತ್ತಿದ್ದುದುಂಟು. ನಗೆಯ ಹಿಂದಿದ್ದ ಮಾತು ನಗೆಯದಲ್ಲ. ಅದಕ್ಕಿಂತಲೂ ಹೆಚ್ಚಾಗಿ ಮರೆಗೆ ಸರಿದವರು ಮಗಳು ಕೃಷ್ಣಾ ಹಾನಗಲ್. ತಾಯಿಯ ಹಿಂದೆ ತಂಬೂರಿ ಹಿಡಿದು ಕುಳಿತು, ತಾಯಿ ಉಸಿರು ತೆಗೆದುಕೊಳ್ಳುವ ಕಡೆ ಸ್ವರ ತುಂಬಿ, ಮತ್ತೆ ತಾಯಿ ಎತ್ತಿಕೊಂಡ ಕೂಡಲೆ ಸುಮ್ಮನಾಗುತ್ತಿದ್ದರು. ಅವರು ತೀರಿಕೊಂಡದ್ದು 2004ರಲ್ಲಿ. ತಾಯಿ ಇನ್ನೂ ಐದು ವರ್ಷ ಬದುಕಿದ್ದು 2009ರ ಜುಲೈ 21ರಂದು ಹುಬ್ಬಳ್ಳಿಯಲ್ಲಿ ಕಣ್ಮುಚ್ಚಿದರು. ಆ ಪೆಟ್ಟಿಗೆಗಳಲ್ಲಿ ಎಷ್ಟೋ ಕಡೆ ತಬಲೆಯವರ ಹೆಸರಿದೆ, ಪೇಟಿಯವರ ಹೆಸರಿದೆ. ಮೇಲವಂಕಿಯವರಿಗೆ ನಾನು ಕೊನೆಗೆ ಹೇಳಿದ್ದು ಇಷ್ಟು: ಹಳೆಯ ಪ್ಲೇಟುಗಳು ಮೊದಲಿಗೇ ಇರಬೇಕು, ವರ್ಷಗಳು ಅಚ್ಚಾಗಿರಬೇಕು, ಕೃಷ್ಣಾ ಅವರ ಹೆಸರು ಇರಬೇಕು. ಮೂರೂ ಇರುವ ಪೆಟ್ಟಿಗೆ ಸಿಕ್ಕದಿದ್ದರೆ, ಮೂರನೆಯದು ಇರುವುದನ್ನು ತರಿಸಿಕೊಂಡು, ಉಳಿದೆರಡನ್ನು ನಾವೇ ಒಂದು ಹಾಳೆಯಲ್ಲಿ ಬರೆದು ಒಳಗಿಡೋಣ.