ದಾದರ್ ಫ್ಲಾಟ್‌ನ ಪ್ಯಾಸೇಜ್‌ಗೆ ಉಣ್ಣೆ ಮಿಶ್ರಿತ ರನ್ನರ್ ರಗ್: ಬಣ್ಣ ನೋಡುವ ಮೊದಲು ಹಿಂಬದಿ ಮಗುಚಿ ನೋಡಿ

ಮುಂಬೈನ ದಾದರ್‌ನಲ್ಲಿರುವ ಹಳೆಯ ಕಟ್ಟಡಗಳ ಎಷ್ಟೋ ಫ್ಲಾಟ್‌ಗಳಲ್ಲಿ ಕಿರಿದಾದ ಉದ್ದನೆಯ ಪ್ಯಾಸೇಜ್ ಇರುತ್ತದೆ. ಒಂದು ಬದಿಗೆ ಅಡುಗೆ ಮನೆ, ಇನ್ನೊಂದು ಬದಿಗೆ ಮಲಗುವ ಕೋಣೆ, ತುದಿಯಲ್ಲಿ ಬಚ್ಚಲು. ಮನೆಯಲ್ಲಿ ಅತಿ ಹೆಚ್ಚು ಹೆಜ್ಜೆ ಬೀಳುವ ಜಾಗ ಇದೇ. ರಾತ್ರಿ ಎರಡು ಗಂಟೆಗೆ ಲೈಟ್ ಹಾಕದೆ ಬಚ್ಚಲಿಗೆ ಹೋಗುವ ಹಿರಿಯರು ನಡೆಯುವುದೂ ಇಲ್ಲೇ. ಇಂಥ ಜಾಗಕ್ಕೆ ಉಣ್ಣೆ ಮಿಶ್ರಿತ ನೇಯ್ಗೆಯ ರನ್ನರ್ ರಗ್ ಹಾಸುವ ರೂಢಿ ಈಗ ಹೆಚ್ಚುತ್ತಿದೆ. ಆನ್‌ಲೈನ್ ಫೋಟೊದಲ್ಲಿ ಎಲ್ಲವೂ ಚೆಂದವೇ. ಮುಂಬೈನ ಮಳೆ ಮಾತ್ರ ಆ ಫೋಟೊದಲ್ಲಿ ಇರುವುದಿಲ್ಲ.

ಹವಾಮಾನ ಇಲಾಖೆಯ ಲೆಕ್ಕದಲ್ಲಿ ಮುಂಗಾರು ಮುಂಬೈಗೆ ಬರುವ ವಾಡಿಕೆ ದಿನಾಂಕ ಜೂನ್ 11, ಹಿಂತಿರುಗುವುದು ಅಕ್ಟೋಬರ್ 8. ಸಾಂತಾಕ್ರೂಜ್‌ನಲ್ಲಿ ಈ ಅವಧಿಯ ವಾಡಿಕೆ ಮಳೆ 2,200 ಮಿಲಿಮೀಟರ್‌ಗೂ ಹೆಚ್ಚು. ದಾದರ್ ಪೂರ್ವದ ಹಿಂದಮಾತಾ ಜಂಕ್ಷನ್ ನೀರು ನಿಲ್ಲುವುದಕ್ಕೇ ಹೆಸರುವಾಸಿ. ಮನೆಯೊಳಗೆ ನೀರು ಬರದಿದ್ದರೂ ನಾಲ್ಕು ತಿಂಗಳು ಗಾಳಿಯಲ್ಲೇ ತೇವ ಇರುತ್ತದೆ. ಆದ್ದರಿಂದ ಇಲ್ಲಿ ರಗ್ ಆಯ್ಕೆ ಎಂದರೆ ಮುಖ್ಯವಾಗಿ ಎರಡು ಪ್ರಶ್ನೆ: ಉಣ್ಣೆಯ ಜೊತೆ ಬೆರೆತ ನೂಲು ಯಾವುದು? ರಗ್‌ನ ಹಿಂಬದಿಯಲ್ಲಿ ಏನಿದೆ?

ಉಣ್ಣೆ ಎಷ್ಟು, ಉಳಿದದ್ದು ಏನು?

'ವೂಲ್ ಬ್ಲೆಂಡ್' ಎಂಬ ಎರಡು ಪದ ಏನನ್ನೂ ಖಚಿತವಾಗಿ ಹೇಳುವುದಿಲ್ಲ. ಅಂತಾರಾಷ್ಟ್ರೀಯ ವೂಲ್‌ಮಾರ್ಕ್ ಗುರುತಿನ ಪದ್ಧತಿಯಲ್ಲಿ 'ವೂಲ್‌ಮಾರ್ಕ್ ಬ್ಲೆಂಡ್' ಎನ್ನಲು ಕನಿಷ್ಠ ಶೇ 50ರಷ್ಟು ಉಣ್ಣೆ ಬೇಕು. ಶೇ 30ರಿಂದ 50ರ ಒಳಗಿದ್ದರೆ ಬರೀ 'ವೂಲ್ ಬ್ಲೆಂಡ್'. ಗುರುತೇ ಇಲ್ಲದ ರಗ್ ಆಗಿದ್ದರೆ ಶೇಕಡಾವಾರನ್ನು ಬಿಲ್‌ನಲ್ಲಿ ಬರೆದುಕೊಡಲು ಕೇಳಿ. ಬರೆಯಲು ಹಿಂಜರಿದರೆ ಅದೂ ಒಂದು ಉತ್ತರವೇ.

ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವ ಹೀರಿದರೂ ಮುಟ್ಟಿದಾಗ ಒದ್ದೆ ಅನಿಸುವುದಿಲ್ಲ. ಇದು ಗುಣವೂ ಹೌದು, ಮೋಸವೂ ಹೌದು. ಒಣಗಿದೆ ಎಂದುಕೊಂಡ ರಗ್ ಒಳಗೆ ತೇವವಾಗಿರಬಹುದು. ಹಾಗಾಗಿ ಜೊತೆಯ ನೂಲು ಮುಖ್ಯವಾಗುತ್ತದೆ. ಶೇ 80 ಉಣ್ಣೆ, ಶೇ 20 ನೈಲಾನ್ ಎಂಬುದು ಕಾರ್ಪೆಟ್ ಉದ್ಯಮದ ಹಳೆಯ ಹದ. ನೈಲಾನ್ ಸವೆತ ತಡೆಯುತ್ತದೆ, ಬೇಗ ಒಣಗುತ್ತದೆ. ಪಾಲಿಯೆಸ್ಟರ್ ಬೆರೆತದ್ದು ಅಗ್ಗ, ಓಡಾಟದ ಜಾಗದಲ್ಲಿ ಎಳೆಗಳು ಬೇಗ ಚಪ್ಪಟೆಯಾಗುತ್ತವೆ. ಹತ್ತಿಯ ಹಾಸು, ಉಣ್ಣೆಯ ಹೊಕ್ಕು ಇರುವ ನೇಯ್ಗೆ ಗಟ್ಟಿಮುಟ್ಟು ಮತ್ತು ಸಮತಟ್ಟು. ಆದರೆ ಒದ್ದೆಯಾದರೆ ಹತ್ತಿ ನಿಧಾನಕ್ಕೆ ಒಣಗಿ ಬೂಷ್ಟು ಹಿಡಿಯುತ್ತದೆ. ಅಂಥದ್ದನ್ನು ಬಚ್ಚಲ ಬಾಗಿಲಿನಿಂದ ದೂರವಿಡಬೇಕು.

ದಾದರ್‌ನ ಪ್ಯಾಸೇಜ್‌ಗೆ ಖಂಡಿತ ಬೇಡ ಎನ್ನಬಹುದಾದದ್ದು ಉಣ್ಣೆ–ವಿಸ್ಕೋಸ್ ಮಿಶ್ರಣ. ರೇಷ್ಮೆಯಂತೆ ಹೊಳೆಯುವ ಇದನ್ನು 'ಆರ್ಟ್ ಸಿಲ್ಕ್' ಎಂದೂ ಮಾರುತ್ತಾರೆ. ನೀರು ಬಿದ್ದರೆ ವಿಸ್ಕೋಸ್ ಎಳೆ ಬಲ ಕಳೆದುಕೊಳ್ಳುತ್ತದೆ, ಒಣಗಿದ ಮೇಲೆ ಹಳದಿ ಕಲೆ ಉಳಿಯುತ್ತದೆ. ಕೊಡೆಯಿಂದ ಸೋರಿದ ನಾಲ್ಕು ಹನಿ ಸಾಕು.

ಅನುಮಾನ ಬಂದರೆ ಅಂಗಡಿಯವರ ಒಪ್ಪಿಗೆ ಪಡೆದು ಅಂಚಿನ ಒಂದು ಎಳೆ ಕಿತ್ತು, ಹೊರಗೆ ಜೋಪಾನವಾಗಿ ಸುಟ್ಟು ನೋಡಬಹುದು. ಕೂದಲು ಸುಟ್ಟ ವಾಸನೆ ಬಂದು, ಬೆರಳಲ್ಲಿ ಪುಡಿಯಾದರೆ ಉಣ್ಣೆ. ಕರಗಿ ಗಟ್ಟಿ ಮಣಿಯಾದರೆ ಸಿಂಥೆಟಿಕ್. ಕಾಗದ ಸುಟ್ಟ ವಾಸನೆ ಬಂದರೆ ಹತ್ತಿ ಅಥವಾ ವಿಸ್ಕೋಸ್. ಮಿಶ್ರ ನೂಲಿನಲ್ಲಿ ಎರಡೂ ಲಕ್ಷಣ ಒಟ್ಟಿಗೆ ಕಾಣಿಸಬಹುದು.

ಹಿಂಬದಿ ಹೇಳುವ ಕಥೆ

ನೇಯ್ದ ರಗ್ ಮಗುಚಿದರೆ ಮುಂಭಾಗದ ವಿನ್ಯಾಸ ಹಿಂದೆಯೂ ಸ್ಪಷ್ಟವಾಗಿ ಕಾಣುತ್ತದೆ. ಹಿಂದೆ ಬರೀ ಬಟ್ಟೆ ಅಂಟಿಸಿದ್ದರೆ ಅದು ಬಹುತೇಕ 'ಟಫ್ಟೆಡ್': ಬಟ್ಟೆಗೆ ನೂಲು ಚುಚ್ಚಿ, ಲೇಟೆಕ್ಸ್ ಅಂಟಿನಿಂದ ಹಿಡಿಸಿದ್ದು. 'ಹ್ಯಾಂಡ್ ಟಫ್ಟೆಡ್' ಎಂಬುದರಲ್ಲಿ 'ಹ್ಯಾಂಡ್' ಓದಿ ಕೈಮಗ್ಗ ಎಂದು ನಂಬುವವರು ಬಹಳ. ತೇವ ಮತ್ತು ಸೆಖೆಯಲ್ಲಿ ಆ ಅಂಟು ಕ್ರಮೇಣ ಹಳತಾಗಿ ವಾಸನೆ ಹೊಡೆಯುತ್ತದೆ, ಪುಡಿಯಾಗಿ ಉದುರುತ್ತದೆ. ಹಳೆಯ ಚಿತ್ತಾರದ ಸಿಮೆಂಟ್ ಟೈಲ್ಸ್ ಇರುವ ಮನೆಗಳಲ್ಲಿ ಇನ್ನೂ ಎಚ್ಚರ ಬೇಕು. ರಬ್ಬರ್ ಅಥವಾ ಲೇಟೆಕ್ಸ್ ತಿಂಗಳುಗಟ್ಟಲೆ ಒತ್ತಿ ಕುಳಿತರೆ ನೆಲಕ್ಕೆ ಕಲೆ ಬೀಳಬಹುದು, ಮತ್ತು ಅಂಥ ಟೈಲ್ಸ್ ಬದಲಿಸಲು ಜೋಡಿ ಸಿಗುವುದು ಕಷ್ಟ.

ಹಾಗೆಂದು ಅಡಿಗೆ ಏನೂ ಹಾಕದೆ ಬಿಡುವಂತಿಲ್ಲ. ತೆಳು ನೇಯ್ಗೆಯ ರನ್ನರ್ ನುಣುಪು ನೆಲದ ಮೇಲೆ ಜಾರುತ್ತದೆ. ವಯಸ್ಸಾದವರಿಗೆ ಒಂದೇ ಬೀಳುವಿಕೆಯಲ್ಲಿ ಸೊಂಟದ ಮೂಳೆ ಮುರಿಯಬಹುದು. ಜಾಲರಿಯಂತಿರುವ ಆ್ಯಂಟಿ ಸ್ಲಿಪ್ ಪ್ಯಾಡ್ ಅನ್ನು ರಗ್‌ಗಿಂತ ಒಂದಿಂಚು ಒಳಗೆ ಬರುವಂತೆ ಕತ್ತರಿಸಿ ಹಾಕಿ, ವಾರಕ್ಕೊಮ್ಮೆ ಎತ್ತಿ ಗಾಳಿಯಾಡಿಸಬೇಕು. ಮೂಲೆ ಸುರುಳಿಯಾದ ರಗ್ ಇದ್ದರೆ ಅಂದೇ ತೆಗೆಯುವುದು ಒಳ್ಳೆಯದು. ವಾಕರ್ ಹಿಡಿದು ನಡೆಯುವವರಿರುವ ಮನೆಯಲ್ಲಿ ಪ್ಯಾಸೇಜ್ ಖಾಲಿ ಇರುವುದೇ ಕ್ಷೇಮ, ರಗ್ ಎಷ್ಟೇ ದುಬಾರಿಯದ್ದಾಗಿರಲಿ.

ಅಳತೆ ಸರಳ. ಎರಡೂ ಗೋಡೆಯಿಂದ ಮೂರು–ನಾಲ್ಕು ಇಂಚು ನೆಲ ಕಾಣುವಂತಿದ್ದರೆ ಸಾಕು. ಮೂರೂವರೆ ಅಡಿ ಪ್ಯಾಸೇಜ್‌ಗೆ ಮೂರು ಅಡಿ ಅಗಲದ ರನ್ನರ್ ಸರಿಹೋಗುತ್ತದೆ. ಕೊಳ್ಳುವ ಮೊದಲು ಪ್ಯಾಸೇಜ್ ಕಡೆಗೆ ತೆರೆಯುವ ಬಾಗಿಲುಗಳ ಕೆಳಗೆ ರಗ್‌ನಷ್ಟೇ ದಪ್ಪದ ರಟ್ಟು ತೂರಿಸಿ ನೋಡಿ. ಫ್ಲಾಟ್‌ನ ಹೊರಗಿನ ಸಾಮೂಹಿಕ ಕಾರಿಡಾರ್‌ನಲ್ಲಿ, ಅದರಲ್ಲೂ ಚಾಳ್‌ಗಳಲ್ಲಿ, ರಗ್ ಹಾಸಬಾರದು. ಬೆಂಕಿ ಬಿದ್ದಾಗ ಎಲ್ಲರೂ ಓಡುವ ದಾರಿ ಅದು.

ಊರಿನ ಜಮಖಾನೆ, ಕಂಬಳಿ ಆಗದೇ?

ಆಗುತ್ತದೆ, ಕೆಲವು ಕಡೆ. ಧಾರವಾಡ ಜಿಲ್ಲೆಯ ನವಲಗುಂದದ ಜಮಖಾನೆಗೆ ಜಿಐ ಮಾನ್ಯತೆ ಇದೆ. ಮಹಿಳೆಯರೇ ನೇಯುವ ಇದು ಹತ್ತಿಯದ್ದು, ಎರಡೂ ಬದಿ ಬಳಸಬಹುದು. ಶರಾವತಿ ಎಕ್ಸ್‌ಪ್ರೆಸ್‌ನಲ್ಲಿ ದಾದರ್‌ನಿಂದ ಹುಬ್ಬಳ್ಳಿಗೆ ಹೋಗಿ ಬರುವವರು ಹತ್ತಿರದ ನವಲಗುಂದದಿಂದ ತರಿಸಿಕೊಳ್ಳಬಹುದು. ಒಣ ತಿಂಗಳುಗಳಿಗೆ ಇದು ಉಣ್ಣೆಗಿಂತ ತಂಪು, ಹುಳುವಿನ ಕಾಟವೂ ಇಲ್ಲ. ಕುರುಬರ ಕರಿ ಕಂಬಳಿ ದಖನಿ ಕುರಿಯ ಒರಟು ಉಣ್ಣೆಯದ್ದು. ಸವೆಯದು ನಿಜ, ಆದರೆ ಬರಿಗಾಲಿಗೆ ಚುಚ್ಚುತ್ತದೆ. ನೇಯುವಾಗ ಹಚ್ಚುವ ಹುಣಸೆ ಬೀಜದ ಗಂಜಿ ಉಳಿದಿದ್ದರೆ ಮುಂಬೈನ ತೇವಕ್ಕೆ ಬೂಷ್ಟು ಬರುವ ಸಾಧ್ಯತೆಯೂ ಇದೆ.

ಹುಳುವಿನ ವಿಷಯದಲ್ಲಿ ಮಿಶ್ರಣವಾದ ಮಾತ್ರಕ್ಕೆ ವಿನಾಯಿತಿ ಇಲ್ಲ. ನುಸಿಯ ಮರಿಗಳು ನೈಲಾನ್ ಬಿಟ್ಟು ಉಣ್ಣೆಯನ್ನಷ್ಟೇ ತಿನ್ನುತ್ತವೆ, ಅದೂ ಕೊಳೆ ಇರುವ, ಕತ್ತಲಿರುವ ಜಾಗದಲ್ಲಿ. ಪಾದರಕ್ಷೆ ಸ್ಟ್ಯಾಂಡ್‌ನ ಅಡಿ ಸೇರಿದ ತುದಿ ಅವುಗಳಿಗೆ ಪ್ರಿಯ. ತೆರೆದ ಜಾಗದಲ್ಲಿ ನುಸಿಗುಳಿಗೆ ಇಟ್ಟರೆ ಪ್ರಯೋಜನ ಕಡಿಮೆ. ವ್ಯಾಕ್ಯೂಮ್ ಹಿಡಿಯುವಾಗ ಅಂಚು ಮತ್ತು ಹಿಂಬದಿಯನ್ನು ಬಿಡಬಾರದು.

ಮಳೆಗಾಲಕ್ಕೆ ಎತ್ತಿಡುವುದಾದರೆ ಮೇ ತಿಂಗಳಲ್ಲೇ ತೊಳೆಸಿ, ಎರಡೂ ಬದಿ ಸ್ವಲ್ಪ ಹೊತ್ತು ಬಿಸಿಲು ಕಾಣಿಸಿ. ಪೂರ್ತಿ ಒಣಗಿದ ಮೇಲೆ ಮಡಚದೆ ಸುರುಳಿ ಸುತ್ತಿ, ಹಳೆಯ ಹತ್ತಿ ಬೆಡ್‌ಶೀಟ್‌ನಲ್ಲಿ ಕಟ್ಟಿಡಿ. ಪ್ಲಾಸ್ಟಿಕ್ ಕವರ್ ಬೇಡ, ಒಳಗೆ ಉಳಿದ ತೇವ ಅಲ್ಲೇ ಬೆವರುತ್ತದೆ. ಗಣೇಶ ಚತುರ್ಥಿಗೆಂದು ಅವಸರದಲ್ಲಿ ಬಿಡಿಸಿ ಹಾಸುವವರು ಆ ದಿನಗಳಲ್ಲೂ ಮಳೆ ಇರುತ್ತದೆ ಎಂಬುದನ್ನು ಮರೆಯುತ್ತಾರೆ. ದಸರಾ ಕಳೆದು ಆಕಾಶ ತಿಳಿಯಾದ ಮೇಲೆ ಹೊರತೆಗೆದರೆ ಸಾಕು.